ಸೂರ್ಯ, ಗೋಡೆ, ಮನೆ: ಪಿಂಕ್ ಫ್ಲಾಯ್ಡ್ ಗೀತಸಾಹಿತ್ಯದಲ್ಲಿ ಮರುಕಳಿಸುವ ಪದಗಳು

ಭಾರತೀಯ ಕಾವ್ಯಮೀಮಾಂಸೆ ಪುನರುಕ್ತಿಯನ್ನು ದೋಷಗಳ ಸಾಲಿನಲ್ಲಿ ಸೇರಿಸಿದೆ. ಅದೇ ಮೀಮಾಂಸೆ, ಶಬ್ದವೂ ಅರ್ಥವೂ ಹಾಗೆಯೇ ಉಳಿದು ತಾತ್ಪರ್ಯ ಮಾತ್ರ ಬೇರೆಯಾಗುವ ಆವೃತ್ತಿಗೆ ಲಾಟಾನುಪ್ರಾಸವೆಂದು ಹೆಸರಿಟ್ಟು ಅದನ್ನು ಅಲಂಕಾರವೆಂದೂ ಒಪ್ಪಿಕೊಂಡಿದೆ. ದೋಷಕ್ಕೂ ಅಲಂಕಾರಕ್ಕೂ ನಡುವಣ ಈ ತೆಳುಗೆರೆಯನ್ನು ಶಾಸ್ತ್ರಕಾರರು ಸಾಮಾನ್ಯವಾಗಿ ಒಂದು ಪದ್ಯದ ಮಿತಿಯೊಳಗೆ ಚರ್ಚಿಸಿದ್ದಾರೆ. ಒಬ್ಬ ಗೀತಕಾರ ಹದಿನೈದು ವರ್ಷಗಳ ಅವಧಿಯಲ್ಲಿ, ಬೇರೆ ಬೇರೆ ರಚನೆಗಳಲ್ಲಿ, ಅವೇ ಕೆಲವು ಪದಗಳಿಗೆ ಮರಳಿ ಮರಳಿ ಬಂದರೆ ಅದನ್ನು ಏನೆಂದು ಕರೆಯಬೇಕು? ಶಬ್ದದಾರಿದ್ರ್ಯವೆಂದೇ, ಶೈಲಿಯೆಂದೇ, ಅಥವಾ ಒಂದು ಪ್ರಶ್ನೆಯನ್ನು ಬಿಡದೆ ಬೆನ್ನಟ್ಟುವ ವಿಚಾರಕ್ರಮವೆಂದೇ? ಇಂಗ್ಲೆಂಡಿನ ರಾಕ್ ತಂಡವಾದ ಪಿಂಕ್ ಫ್ಲಾಯ್ಡ್‌ನ ಗೀತೆಗಳು ಈ ಪ್ರಶ್ನೆಯನ್ನು ಪರೀಕ್ಷಿಸಲು ತಕ್ಕ ಆಕರವಾಗಿವೆ.

ರಾಕ್ ಗೀತೆಯ ಮಾತು ಸಂಗೀತದ ಊರುಗೋಲಿಲ್ಲದೆ ನಿಲ್ಲಲಾರದು, ಆದ್ದರಿಂದ ಅದನ್ನು ಪಠ್ಯವಾಗಿ ಓದುವುದು ಅನುಚಿತ ಎಂಬ ಆಕ್ಷೇಪವೊಂದಿದೆ. ಬಾಬ್ ಡಿಲನ್‌ಗೆ 2016ರಲ್ಲಿ ನೊಬೆಲ್ ಸಾಹಿತ್ಯ ಪ್ರಶಸ್ತಿ ಬಂದಾಗಲೂ ಈ ಆಕ್ಷೇಪ ಕೇಳಿಬಂದಿತು. ಕನ್ನಡದ ವಿದ್ವತ್ಪರಂಪರೆಗೆ ಇದು ಅಷ್ಟೇನೂ ದೊಡ್ಡ ತೊಡಕಾಗಬೇಕಿಲ್ಲ. ಹಾಡಲೆಂದೇ ಹುಟ್ಟಿದ ಕೀರ್ತನೆಯನ್ನೂ ಜನಪದ ಗೀತೆಯನ್ನೂ ಅದು ಬಹುಕಾಲದಿಂದ ಪಠ್ಯವಾಗಿ ಓದುತ್ತಲೇ ಬಂದಿದೆ. ಪಲ್ಲವಿಯ ಆವೃತ್ತಿ ಪ್ರತಿ ಚರಣದ ನಂತರವೂ ಒಂದೇ ಅರ್ಥವನ್ನು ಕೊಡುವುದಿಲ್ಲ ಎಂಬುದನ್ನು ಕೀರ್ತನೆಯ ಕೇಳುಗನೂ ಬಲ್ಲ. ಹಾಗಿದ್ದೂ ಬೆಂಗಳೂರಿನಂಥ ನಗರದಲ್ಲಿ ತಲೆಮಾರುಗಳಿಂದ ಕಂಠಸ್ಥವಾಗಿರುವ ಇಂಗ್ಲಿಷ್ ರಾಕ್ ಗೀತೆಗಳ ಬಗೆಗೆ ಕನ್ನಡದಲ್ಲಿ ಪಠ್ಯಾಧ್ಯಯನ ವಿರಳ. ಈ ತಂಡದ ಪ್ರಧಾನ ಗೀತಕಾರ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿಗೇ ಬಂದು ಹಾಡಿದ್ದಾನೆ. ಕೇಳುಗರು ಇದ್ದಾರೆ, ಓದುಗರು ಇನ್ನೂ ಹುಟ್ಟಬೇಕಾಗಿದೆ.

ತಂಡದ ಇತಿಹಾಸವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1965ರಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಈ ತಂಡಕ್ಕೆ ಪಿಂಕ್ ಆಂಡರ್ಸನ್ ಮತ್ತು ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಅಮೆರಿಕನ್ ಬ್ಲೂಸ್ ಗಾಯಕರ ಹೆಸರುಗಳನ್ನು ಜೋಡಿಸಿ ಹೆಸರಿಟ್ಟವನು ಸಿಡ್ ಬ್ಯಾರೆಟ್. ಮೊದಲ ಆಲ್ಬಂನ (1967) ಗೀತೆಗಳಲ್ಲಿ ಹೆಚ್ಚಿನವು ಅವನವೇ. ಬೆಕ್ಕು, ಬೆದರುಬೊಂಬೆ, ಸೈಕಲ್ಲು, ಕುಳ್ಳದೇವತೆಗಳಿಂದ ತುಂಬಿದ ಶಿಶುಲೋಕ ಅದು. ಆ ಆಲ್ಬಂನ ಶೀರ್ಷಿಕೆಯೇ ಕೆನೆತ್ ಗ್ರಹಾಮ್‌ನ ಮಕ್ಕಳ ಕಾದಂಬರಿ 'ದಿ ವಿಂಡ್ ಇನ್ ದಿ ವಿಲ್ಲೋಸ್'ನ (1908) ಒಂದು ಅಧ್ಯಾಯದ ಹೆಸರು. ಮನಃಸ್ಥಿತಿ ಹದಗೆಟ್ಟು ಬ್ಯಾರೆಟ್ 1968ರಲ್ಲಿ ತಂಡದಿಂದ ಹೊರಗುಳಿದ. ಡೇವಿಡ್ ಗಿಲ್ಮೋರ್ ಸೇರಿಕೊಂಡ. ಕ್ರಮೇಣ ಮಾತಿನ ಹೊಣೆ ವಾಟರ್ಸ್‌ನ ಮೇಲೆ ಬಿತ್ತು. 1973ರಿಂದ 1983ರವರೆಗಿನ ಐದು ಆಲ್ಬಂಗಳ ಸಾಹಿತ್ಯ ಅವನದು. ಪ್ರಸ್ತುತ ಲೇಖನದ ಕೇಂದ್ರದಲ್ಲಿರುವುದು ಮುಖ್ಯವಾಗಿ ಈ ಐದು ಆಲ್ಬಂಗಳು.

ಈ ಗೀತೆಗಳ ಬಗೆಗೆ ಇಂಗ್ಲಿಷಿನಲ್ಲಿ ಬಂದಿರುವ ಬರಹದ ಬಹುಭಾಗ ಚರಿತ್ರಾತ್ಮಕವಾದುದು. ಅಂದರೆ ವ್ಯಕ್ತಿಚರಿತ್ರೆಯನ್ನು ಆಧರಿಸಿದುದು. ಹುಚ್ಚಿನ ಮಾತು ಬಂದಲ್ಲೆಲ್ಲ ಬ್ಯಾರೆಟ್, ಯುದ್ಧದ ಮಾತು ಬಂದಲ್ಲೆಲ್ಲ ವಾಟರ್ಸ್‌ನ ತಂದೆ. ಇವೆರಡೂ ಸುಳ್ಳಲ್ಲ. ವಾಟರ್ಸ್ ಹುಟ್ಟಿದ್ದು 1943ರ ಸೆಪ್ಟೆಂಬರ್‌ನಲ್ಲಿ. ಅವನ ತಂದೆ ಎರಿಕ್ ಫ್ಲೆಚರ್ ವಾಟರ್ಸ್ ಇಟಲಿಯ ಆಂಜಿಯೋ ಕದನದಲ್ಲಿ ಮಡಿದದ್ದು 1944ರ ಫೆಬ್ರುವರಿಯಲ್ಲಿ. 1975ರ ಜೂನ್‌ನಲ್ಲಿ, ಬ್ಯಾರೆಟ್‌ನನ್ನು ಕುರಿತ 'ಶೈನ್ ಆನ್ ಯೂ ಕ್ರೇಜಿ ಡೈಮಂಡ್' ಗೀತೆಯ ಕೆಲಸ ನಡೆಯುತ್ತಿದ್ದ ಸ್ಟುಡಿಯೋಗೆ ತಲೆ ಹುಬ್ಬು ಬೋಳಿಸಿಕೊಂಡು ಬಂದ ಬ್ಯಾರೆಟ್‌ನನ್ನು ಹಳೆಯ ಗೆಳೆಯರು ಮೊದಲಿಗೆ ಗುರುತಿಸಲಿಲ್ಲವೆಂಬುದೂ ದಾಖಲಾದ ಸಂಗತಿ. ಆದರೆ ಒಂದು ಪದ ಎಲ್ಲಿಂದ ಬಂತೆಂದು ತಿಳಿದರೆ ಅದು ಏಕೆ ಮತ್ತೆ ಬಂತೆಂದು ತಿಳಿದಂತಾಗುವುದಿಲ್ಲ. ಮೂಲವೊಂದೇ ಆಗಿದ್ದರೂ ಪ್ರತಿ ಮರಳುವಿಕೆಯಲ್ಲಿ ಪದದ ಸ್ಥಾನ ಬದಲಾಗುತ್ತದೆ. ಈ ಬದಲಾವಣೆಗೊಂದು ನಿಶ್ಚಿತ ದಿಕ್ಕಿದೆ ಎಂಬುದು ಇಲ್ಲಿನ ವಾದ. ಹೊರಗೆ ಕಂಡದ್ದು ಒಳಗೆ ಸರಿಯುತ್ತದೆ. ಅನ್ಯರ ಮೇಲೆ ಹೊರಿಸಿದ್ದು ಹೇಳುವವನ ಮೇಲೆಯೇ ಬಂದು ಕೂರುತ್ತದೆ.

ಇದರ ಅತ್ಯಂತ ಸಂಕ್ಷಿಪ್ತ ನಿದರ್ಶನ 1973ರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಂನ 'ಬ್ರೇನ್ ಡ್ಯಾಮೇಜ್' ಗೀತೆಯಲ್ಲಿದೆ. ಅಲ್ಲಿನ ಕೇಂದ್ರಪದ 'ಲೂನಾಟಿಕ್'. ಲ್ಯಾಟಿನ್ನಿನಲ್ಲಿ ಚಂದ್ರನಿಗಿರುವ 'ಲೂನಾ' ಎಂಬ ಹೆಸರಿನಿಂದ ಬಂದ ಪದವಿದು. ಹುಚ್ಚು ಚಂದ್ರನ ವೃದ್ಧಿಕ್ಷಯಗಳಿಗೆ ಅಧೀನವೆಂಬ ಹಳೆಯ ಐರೋಪ್ಯ ನಂಬಿಕೆ ಪದದೊಳಗೇ ಹುದುಗಿದೆ. ಕನ್ನಡದ 'ಹುಚ್ಚ', 'ಮರುಳ' ಪದಗಳಲ್ಲಿ ಚಂದ್ರನಿಲ್ಲದ ಕಾರಣ, ಆಲ್ಬಂನ ಹೆಸರಿಗೂ ಈ ಗೀತೆಗೂ ಇರುವ ನಂಟು ಅನುವಾದದಲ್ಲಿ ಕಡಿದುಹೋಗುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಚಂದ್ರನ ಕತ್ತಲ ಮಗ್ಗುಲೂ ತಲೆಕೆಟ್ಟವನೂ ಒಂದೇ ಧಾತುವಿನ ಎರಡು ಚಿಗುರುಗಳು. ಗೀತೆ ಮುಂದುವರಿದಂತೆ ಈ ವ್ಯಕ್ತಿಯ ಇರುನೆಲೆ ಬದಲಾಗುತ್ತದೆ. ಮೊದಲಿಗೆ ಅವನಿರುವುದು ಮನೆಯಾಚೆಯ ಹುಲ್ಲುಹಾಸಿನಲ್ಲಿ, ಬಳಿಕ ಮನೆಯ ಹೊಸ್ತಿಲೊಳಗೆ, ಅಂತಿಮವಾಗಿ ಹಾಡುವವನ ಚಿತ್ತದೊಳಗೆ. ಪದ ಅದೇ, ಅದರ ವಾಚ್ಯಾರ್ಥವೂ ಅದೇ. ದೂರ ಮಾತ್ರ ಕುಗ್ಗುತ್ತಿದೆ. ಲಾಟಾನುಪ್ರಾಸದ ಲಕ್ಷಣಕ್ಕೆ ಇದಕ್ಕಿಂತ ಒಪ್ಪುವ ಆಧುನಿಕ ಲಕ್ಷ್ಯ ಸಿಗುವುದು ಕಷ್ಟ. ಬ್ಯಾರೆಟ್‌ನ ಕತೆಯಾಗಿ ಮಾತ್ರ ಓದಿದಾಗ ಕಾಣದೆ ಹೋಗುವುದು ಈ ಮೂರನೆಯ ಹೆಜ್ಜೆಯೇ. ಹುಚ್ಚ ಗೆಳೆಯನ ಬಗೆಗಿನ ಕರುಣೆ, ಹುಚ್ಚು ತನ್ನದೂ ಹೌದೆಂಬ ಒಪ್ಪಿಗೆಯಾಗಿ ಮುಗಿಯುತ್ತದೆ.

ಚಂದ್ರನಿಗಿಂತ ಹೆಚ್ಚು ದೀರ್ಘವಾದ ಪಯಣ ಸೂರ್ಯನದು. 1968ರ 'ಸೆಟ್ ದಿ ಕಂಟ್ರೋಲ್ಸ್ ಫಾರ್ ದಿ ಹಾರ್ಟ್ ಆಫ್ ದಿ ಸನ್' ಗೀತೆಯಲ್ಲಿ ಅದು ಬಾಹ್ಯಾಕಾಶದ ಗುರಿ. ಕುತೂಹಲದ ಸಂಗತಿಯೆಂದರೆ, ಈ ಅಂತರಿಕ್ಷಯಾನದ ಗೀತೆಯ ಮಾತುಗಳು ಬಂದದ್ದು ವಿಜ್ಞಾನಕಥೆಯಿಂದಲ್ಲ. ಚೀನಾದ ತಾಂಗ್ ಯುಗದ ಉತ್ತರಕಾಲದ ಕವಿಗಳನ್ನು ಎ.ಸಿ. ಗ್ರಹಾಮ್ ಇಂಗ್ಲಿಷಿಗೆ ತಂದ ಸಂಕಲನದಿಂದ (1965) ವಾಟರ್ಸ್ ಅವುಗಳಲ್ಲಿ ಹಲವನ್ನು ಎತ್ತಿಕೊಂಡ. ಈ ಎರವಲು ಅಷ್ಟೇನೂ ಜೀರ್ಣವಾಗಿಲ್ಲ. ಸೂರ್ಯ ಇಲ್ಲಿ ಇನ್ನೂ ಒಂದು ಸುಂದರವಾದ ದೂರ ಮಾತ್ರ. ಎರಡು ವರ್ಷಗಳ ನಂತರ ಗಿಲ್ಮೋರ್ ಬರೆದ 'ಫ್ಯಾಟ್ ಓಲ್ಡ್ ಸನ್' (1970) ಗೀತೆಯಲ್ಲಿ ಅದು ಇಂಗ್ಲಿಷ್ ಹಳ್ಳಿಗಾಡಿನ ಬೇಸಗೆಯ ಸಂಜೆಯ ಸೂರ್ಯ. ಹಿನ್ನೆಲೆಯಲ್ಲಿ ಇಗರ್ಜಿಯ ಗಂಟೆ. ಇಂಪಾದ ಗೀತೆಯೇ, ಆದರೆ ಅದರ ಸೂರ್ಯನಿಂದ ಯಾರಿಗೂ ಬಿಸಿ ತಾಗುವುದಿಲ್ಲ.

1973ರಲ್ಲಿ ಪದಕ್ಕೆ ಭಾರ ಬರುತ್ತದೆ. 'ಟೈಮ್' ಗೀತೆಯಲ್ಲಿ ಮನುಷ್ಯ ಸೂರ್ಯನನ್ನು ಬೆನ್ನಟ್ಟಿ ಓಡುತ್ತಾನೆ. ಅದು ಮುಳುಗಿ, ಒಂದು ಸುತ್ತು ಬಂದು, ಅವನ ಬೆನ್ನ ಹಿಂದೆಯೇ ಮೂಡುತ್ತದೆ. ಬೆನ್ನಟ್ಟಿದವನೇ ಬೆನ್ನಟ್ಟಿಸಿಕೊಂಡವನಾಗುವ ಈ ತಿರುವು ಗಮನಾರ್ಹ. ಸೂರ್ಯನಿಗೆ ವಯಸ್ಸಾಗುವುದಿಲ್ಲ, ಓಡುವವನಿಗೆ ಆಗುತ್ತದೆ. ಅಮೆರಿಕದ ಥೋರೋ 'ವಾಲ್ಡನ್'ನಲ್ಲಿ (1854) ಜನಸಾಮಾನ್ಯರ ಬದುಕಿನ ಮೌನಹತಾಶೆಯ ಬಗೆಗೆ ಹೇಳಿದ ಮಾತೊಂದನ್ನು ಈ ಗೀತೆ ಇಂಗ್ಲಿಷರ ರಾಷ್ಟ್ರೀಯ ಸ್ವಭಾವವಾಗಿ ಮಾರ್ಪಡಿಸುತ್ತದೆ. ವಾಟರ್ಸ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಆಲ್ಬಂನ ಕೊನೆಯ ಗೀತೆ 'ಎಕ್ಲಿಪ್ಸ್' ಒಂದು ದೀರ್ಘ ಪಟ್ಟಿ. ಎಲ್ಲ ಎಂಬರ್ಥದ ಪದದಿಂದಲೇ ಅದರ ಬಹುತೇಕ ಸಾಲುಗಳು ತೊಡಗುತ್ತವೆ. ಮುಟ್ಟಿದ್ದು, ಕಂಡದ್ದು, ಗಳಿಸಿದ್ದು, ಕಳೆದದ್ದು, ಹೀಗೆ ಬದುಕಿನ ಸಮಸ್ತವನ್ನೂ ಸೂರ್ಯನ ಕೆಳಗೆ ಹೊಂದಿಸಿ ಜೋಡಿಸಿದ ಮೇಲೆ ಆ ಸೂರ್ಯನಿಗೇ ಗ್ರಹಣ ಹಿಡಿಯುತ್ತದೆ. ಆಲ್ಬಂ ಆರಂಭವಾದದ್ದು ಹೃದಯದ ಬಡಿತದಿಂದ, ಮುಗಿಯುವುದೂ ಅದರಿಂದಲೇ. ಬೆಳಕು ಮತ್ತು ಕತ್ತಲೆಗಳ ಈ ವ್ಯವಸ್ಥೆಯನ್ನು ಕೊನೆಯಲ್ಲಿ ಸ್ಟುಡಿಯೋದ ದ್ವಾರಪಾಲಕನೊಬ್ಬನ ಆಡುಮಾತಿನ ದನಿ ಕದಡುತ್ತದೆ: ಚಂದ್ರನಿಗೆ ಕತ್ತಲ ಮಗ್ಗುಲೆಂಬುದೇ ಇಲ್ಲ, ಅದು ಪೂರ್ತಿ ಕತ್ತಲೆಯೇ ಎಂಬುದು ಅವನ ಅಭಿಪ್ರಾಯದ ತಾತ್ಪರ್ಯ. ಗೀತಕಾರ ಕಟ್ಟಿದ ರೂಪಕವನ್ನು ಹಾಡದವನೊಬ್ಬ ಕೆಡವುವುದಕ್ಕೆ ಅವಕಾಶವಿತ್ತದ್ದು ಈ ಕೃತಿಯ ಅಪರೂಪದ ಪ್ರಾಮಾಣಿಕತೆ.

ಹತ್ತು ವರ್ಷಗಳ ನಂತರ, 'ದಿ ಫೈನಲ್ ಕಟ್' (1983) ಆಲ್ಬಂನ ಕೊನೆಯ ಗೀತೆಯ ಹೆಸರು 'ಟೂ ಸನ್ಸ್ ಇನ್ ದಿ ಸನ್‌ಸೆಟ್'. ಸಂಜೆ ಕಾರು ನಡೆಸುತ್ತಿರುವವನಿಗೆ ಹಿಂಬದಿಯ ಕನ್ನಡಿಯಲ್ಲಿ ಅಸ್ತಮಿಸುವ ಸೂರ್ಯ ಕಾಣುತ್ತಾನೆ. ಆಮೇಲೆ ಪೂರ್ವದಿಕ್ಕಿನಲ್ಲಿ, ಹಗಲು ಮುಗಿದ ಹೊತ್ತಿನಲ್ಲಿ, ಮತ್ತೊಂದು ಸೂರ್ಯ. ಎರಡನೆಯದು ಅಣ್ವಸ್ತ್ರದ ಬೆಳಕು. 'ಟೈಮ್' ಗೀತೆಯಲ್ಲಿ ಬೆನ್ನ ಹಿಂದೆ ಮೂಡಿದ ಸೂರ್ಯ ಇಲ್ಲಿ ಕನ್ನಡಿಯಲ್ಲಿ ಮೂಡಿದೆ ಎಂಬುದನ್ನು ಗಮನಿಸಬೇಕು. ಎರಡೂ ಕಡೆ ಅದು ಬರುವುದು ಹಿಂದಿನಿಂದಲೇ. ಯಾತ್ರೆಯ ಗುರಿಯಾಗಿದ್ದುದು ವಯಸ್ಸಿನ ಅಳತೆಗೋಲಾಗಿ, ಕೊನೆಗೆ ಮನುಷ್ಯನೇ ತಯಾರಿಸಿದ ಸಾವಾಗಿದೆ. 1968ರ ಗೀತೆಯ ಶೀರ್ಷಿಕೆಯಲ್ಲಿ ಸೂರ್ಯನ ಕಡೆಗೆ ತಿರುಗಿಸಬೇಕಾದ ನಿಯಂತ್ರಣಗಳಿದ್ದವು. 1983ರಲ್ಲಿ ನಿಯಂತ್ರಣ ಬೇರೆ ಯಾರದೋ ಕೈಯಲ್ಲಿದೆ. ಕ್ಷಿಪಣಿಗಳ ನಿಯೋಜನೆಯ ವಿರುದ್ಧ ಬ್ರಿಟನ್ನಿನಲ್ಲಿ ಚಳವಳಿ ನಡೆಯುತ್ತಿದ್ದ ವರ್ಷವದು. ಆದರೂ ಗೀತೆ ಯಾರನ್ನೂ ಶಪಿಸುವುದಿಲ್ಲ. ಉರಿದುಹೋದ ಮೇಲೆ ಗೆಳೆಯ ಶತ್ರುಗಳ ಭೇದ ಉಳಿಯದು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಗೆಳೆಯ ಶತ್ರುಗಳ ಪ್ರಸ್ತಾಪ ಸರ್ವನಾಮಗಳ ಕಡೆಗೆ ಗಮನ ಸೆಳೆಯುತ್ತದೆ. ಈ ಗೀತೆಗಳಲ್ಲಿ ಹೆಚ್ಚು ಬಾರಿ ಮರುಕಳಿಸುವ ಪದಗಳಾವುವೆಂದು ಕೇಳಿದರೆ ಉತ್ತರ ಸೂರ್ಯನಲ್ಲ, ಗೋಡೆಯಲ್ಲ; 'ಯೂ', 'ಮಿ', 'ಅಸ್', 'ದೆಮ್'ಗಳೇ. 'ಎಕೋಸ್' (1971) ಗೀತೆಯ ಕೇಂದ್ರದಲ್ಲಿ ಬೀದಿಯಲ್ಲಿ ಹಾದುಹೋಗುವ ಇಬ್ಬರು ಅಪರಿಚಿತರ ನೋಟ ಕೂಡಿ, ಇಬ್ಬರೂ ಒಬ್ಬರಲ್ಲೊಬ್ಬರು ತಮ್ಮನ್ನೇ ಗುರುತಿಸುವ ಕ್ಷಣವಿದೆ. ಮುಂದೆ ವಾಟರ್ಸ್ ಬರೆದುದೆಲ್ಲ ಈ ಕ್ಷಣ ಏಕೆ ಮತ್ತೆ ಸಂಭವಿಸುವುದಿಲ್ಲ ಎಂಬುದರ ವಿಚಾರಣೆ ಎಂದರೂ ತಪ್ಪಾಗದು. 'ಅಸ್ ಆ್ಯಂಡ್ ದೆಮ್' (1973) ಶೀರ್ಷಿಕೆಯಲ್ಲೇ ವಿಭಜನೆಯಿದೆ. 'ಹೇ ಯೂ' (1979) ಗೋಡೆಯೊಳಗಿನಿಂದ ಕೂಗುವವನ ಹಾಡು. ಇಲ್ಲಿ ಕನ್ನಡದ ಓದುಗನಿಗೆ, ಅದರಲ್ಲೂ ಅನುವಾದಕನಿಗೆ, ಇಂಗ್ಲಿಷ್ ಓದುಗನಿಗಿಲ್ಲದ ಒಂದು ಸಂದಿಗ್ಧ ಎದುರಾಗುತ್ತದೆ. ಆ 'ಯೂ' ನೀನೋ, ನೀವೋ? ಒಬ್ಬ ಆಪ್ತನನ್ನು ಕರೆಯುತ್ತಿದ್ದಾನೆಯೇ, ಕ್ರೀಡಾಂಗಣದಲ್ಲಿ ನೆರೆದ ಸಾವಿರಾರು ಮಂದಿಯನ್ನೇ? ಇಂಗ್ಲಿಷ್ ಈ ಪ್ರಶ್ನೆಯನ್ನು ಮರೆಸುತ್ತದೆ, ಕನ್ನಡ ಉತ್ತರ ಹೇಳದೆ ಮುಂದೆ ಹೋಗಗೊಡುವುದಿಲ್ಲ. ಗೀತೆಯ ಹುಟ್ಟನ್ನು ನೆನೆದರೆ ಸಂದಿಗ್ಧ ಇನ್ನೂ ಬಿಗಿಯಾಗುತ್ತದೆ. 1977ರ ಜುಲೈನಲ್ಲಿ ಮಾಂಟ್ರಿಯಲ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಗದ್ದಲವೆಬ್ಬಿಸಿದ ಕೇಳುಗನೊಬ್ಬನ ಮೇಲೆ ವಾಟರ್ಸ್ ಉಗುಳಿದ್ದು, ಆ ಬಗೆಗಿನ ಅಸಹ್ಯವೇ 'ದಿ ವಾಲ್' ಆಲ್ಬಂಗೆ ಬೀಜವಾದದ್ದು ಅವನೇ ಹಲವು ಬಾರಿ ಹೇಳಿಕೊಂಡ ಸಂಗತಿ. ನೀವು ಎಂದು ಕರೆಯಬೇಕಾದ ಸಮೂಹದಲ್ಲಿ ಒಬ್ಬ ನೀನು ಇದ್ದ. ಅವನಿಗೆ ಸಿಕ್ಕದ್ದು ಉಗುಳು.

ಗೋಡೆಗೂ ಮೊದಲು ಕಲ್ಲು ಇತ್ತು. 'ಆ್ಯನಿಮಲ್ಸ್' (1977) ಆಲ್ಬಂ ಮನುಷ್ಯರನ್ನು ನಾಯಿ, ಹಂದಿ, ಕುರಿಗಳಾಗಿ ವಿಂಗಡಿಸುತ್ತದೆ. ಆರ್ವೆಲ್‌ನ 'ಆ್ಯನಿಮಲ್ ಫಾರ್ಮ್'ನ (1945) ಋಣ ಸ್ಪಷ್ಟವಾಗಿದ್ದರೂ ಇಲ್ಲಿ ಗುರಿ ಸ್ಟಾಲಿನ್‌ವಾದವಲ್ಲ, ಬ್ರಿಟನ್ನಿನ ಬಂಡವಾಳಶಾಹಿ ಸಮಾಜ. ಹದಿನೇಳು ನಿಮಿಷಗಳ 'ಡಾಗ್ಸ್' ಗೀತೆಯಲ್ಲಿ ಪೈಪೋಟಿಯ ಲೋಕದ ಮನುಷ್ಯ ಮುದಿಯಾಗಿ, ಒಂಟಿಯಾಗಿ, ಕಲ್ಲಿನ ಭಾರಕ್ಕೆ ಸಿಕ್ಕಿ ಮುಳುಗುತ್ತಾನೆ. ಆ ಕಡೆಯ ಪದ ಯಂತ್ರದ ಪ್ರತಿಧ್ವನಿಯಲ್ಲಿ ಮತ್ತೆ ಮತ್ತೆ ಅನುರಣಿಸುತ್ತ, ಅರ್ಥ ಸವೆದು ಬರಿಯ ನಾದವಾಗಿ ವಾದ್ಯಗಳ ನಡುವೆ ಕರಗುತ್ತದೆ. ಪುನರಾವರ್ತನೆಯನ್ನು ಇಲ್ಲಿ ಮಾಡುತ್ತಿರುವುದು ಕವಿಯಲ್ಲ, ಯಂತ್ರ. ಪದವೇ ಮುಳುಗುತ್ತಿರುವಂತೆ ಕೇಳಿಸುತ್ತದೆ. ಹಾಡಿನ ಪಠ್ಯವನ್ನು ಕಾಗದದ ಮೇಲೆ ಮಾತ್ರ ಓದುವವರಿಗೆ ದಕ್ಕದ ಅಂಶವಿದು. ಆಕ್ಷೇಪಿಸುವವರ ಮಾತಿನಲ್ಲಿ ಇಷ್ಟು ಸತ್ಯವಿದೆ ಎಂದು ಒಪ್ಪಬೇಕು. ಇನ್ನೂ ಮುಖ್ಯವಾದುದು ಆಲ್ಬಂನ ಆದಿ ಅಂತ್ಯಗಳಲ್ಲಿರುವ 'ಪಿಗ್ಸ್ ಆನ್ ದಿ ವಿಂಗ್' ಎಂಬ ಎರಡು ಪುಟ್ಟ ಗೀತೆಗಳು. ಕೊನೆಯದರಲ್ಲಿ ಹಾಡುವವನು ತನ್ನನ್ನೂ ನಾಯಿಯೆಂದೇ ಎಣಿಸಿಕೊಂಡು ತನಗೊಂದು ಆಸರೆ ಬೇಕೆನ್ನುತ್ತಾನೆ. ನಲವತ್ತು ನಿಮಿಷಗಳ ಕಾಲ ಬೈದ ಜಾತಿಗೇ ತಾನೂ ಸೇರಿದವನೆಂಬ ಈ ಒಪ್ಪಿಗೆ ಇಲ್ಲದಿದ್ದರೆ 'ಆ್ಯನಿಮಲ್ಸ್' ಕೇವಲ ಬೈಗುಳಾಗುತ್ತಿತ್ತು.

ಕಲ್ಲು ನಿಸರ್ಗದ್ದು, ಇಟ್ಟಿಗೆ ಮನುಷ್ಯ ಸುಟ್ಟು ಮಾಡಿದ್ದು. 1977ರ ಕಲ್ಲು 1979ರಲ್ಲಿ ಇಟ್ಟಿಗೆಯಾಗುವಾಗ ಹೊಣೆಯ ಪ್ರಶ್ನೆಯೂ ಹುಟ್ಟುತ್ತದೆ. 'ಅನದರ್ ಬ್ರಿಕ್ ಇನ್ ದಿ ವಾಲ್' ಎಂಬ ಒಂದೇ ಹೆಸರಿನ ಮೂರು ಭಾಗಗಳು 'ದಿ ವಾಲ್' ಆಲ್ಬಂನಲ್ಲಿ ಹರಡಿಕೊಂಡಿವೆ. ಮೊದಲನೆಯದರಲ್ಲಿ ಯುದ್ಧಕ್ಕೆ ಹೋಗಿ ಮರಳದ ತಂದೆಯ ಅನುಪಸ್ಥಿತಿ, ಎರಡನೆಯದರಲ್ಲಿ ಶಾಲೆಯ ಕ್ರೌರ್ಯ. ಇವು ಹೊರಗಿನಿಂದ ಬಂದ ಇಟ್ಟಿಗೆಗಳು. ಮೂರನೆಯದರಲ್ಲಿ ನಾಯಕ ತನಗೆ ಯಾರೂ ಬೇಡವೆಂದು ತಾನೇ ಸಾರುತ್ತಾನೆ, ಎಲ್ಲರನ್ನೂ ಇಟ್ಟಿಗೆಗಳೆಂದು ತಾನೇ ಎಣಿಸುತ್ತಾನೆ. ಅಲ್ಲಿಗೆ ಗಾರೆಯವನು ಯಾರೆಂಬುದು ತಿಳಿಯುತ್ತದೆ. 1980–81ರ ರಂಗಪ್ರಯೋಗಗಳಲ್ಲಿ ಪ್ರೇಕ್ಷಕರ ಕಣ್ಣೆದುರೇ ರಟ್ಟಿನ ಇಟ್ಟಿಗೆಗಳ ಗೋಡೆ ಏರಿ ವಾದಕರನ್ನು ಮರೆಮಾಡುತ್ತಿತ್ತು. ಕಥಾಂತ್ಯದ ವಿಚಾರಣೆಯಲ್ಲಿ ನಾಯಕನಿಗೆ ವಿಧಿಸುವ ಶಿಕ್ಷೆ ಗೋಡೆಯನ್ನು ಕೆಡವುವುದು. ಬಿಡುಗಡೆಯನ್ನು ಶಿಕ್ಷೆಯಾಗಿ ಕೊಡುವ ಈ ವ್ಯಂಗ್ಯದ ಆಚೆಗೂ ಕೃತಿಗೊಂದು ಕುಣಿಕೆಯಿದೆ. ಆಲ್ಬಂನ ಕೊನೆಯಲ್ಲಿ ಅರ್ಧಕ್ಕೆ ನಿಂತ ಪಿಸುಮಾತಿನ ವಾಕ್ಯ ಪೂರ್ಣವಾಗುವುದು ಆಲ್ಬಂನ ಮೊದಲ ಕ್ಷಣದಲ್ಲಿ. ಮುಕ್ತಪದಗ್ರಸ್ತದಲ್ಲಿ ಬಿಟ್ಟ ಪದವನ್ನೇ ಹಿಡಿದು ಮುಂದಿನ ಸಾಲು ಹೊರಡುವಂತೆ, ಇಲ್ಲಿ ಬಿಟ್ಟ ವಾಕ್ಯವನ್ನು ಹಿಡಿದು ಇಡೀ ಕೃತಿ ಮತ್ತೆ ಹೊರಡುತ್ತದೆ. ಕೆಡವಿದ ಗೋಡೆ ಮತ್ತೆ ಏಳುತ್ತದೆ ಎಂಬುದು ಇದರ ಧ್ವನಿ.

ಮೂರು ಭಾಗಗಳಲ್ಲಿ ಜಗತ್ತು ಕೈಗೆತ್ತಿಕೊಂಡದ್ದು ಎರಡನೆಯದನ್ನು ಮಾತ್ರ. ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ ಮಕ್ಕಳ ಮೇಳ ಅದರಲ್ಲಿ ಹಾಡಿದೆ. ಶಿಕ್ಷಣ ಬೇಡವೆಂಬ ಮಾತನ್ನು ಆ ಗೀತೆ ಎರಡು ನಿಷೇಧಗಳನ್ನು ಒಟ್ಟಿಗಿಡುವ ಅಶಿಷ್ಟ ಇಂಗ್ಲಿಷಿನಲ್ಲಿ ಹೇಳುತ್ತದೆ. ವ್ಯಾಕರಣ ಕಲಿಸಲು ಹೊರಟ ಮೇಷ್ಟರಿಗೆ ವ್ಯಾಕರಣ ಮುರಿದೇ ಕೊಟ್ಟ ಉತ್ತರ. ಕನ್ನಡದಲ್ಲಿ ಎರಡು ನಿಷೇಧ ಸೇರಿದರೆ ಒಪ್ಪಿಗೆಯಾಗುವುದರಿಂದ ಈ ಕುಚೋದ್ಯವನ್ನು ನೇರವಾಗಿ ತರುವ ದಾರಿಯಿಲ್ಲ. 1980ರಲ್ಲಿ ದಕ್ಷಿಣ ಆಫ್ರಿಕಾದ ವಿದ್ಯಾರ್ಥಿಗಳು ಜನಾಂಗಭೇದದ ಶಿಕ್ಷಣವ್ಯವಸ್ಥೆಯ ವಿರುದ್ಧ ಶಾಲೆಗಳನ್ನು ಬಹಿಷ್ಕರಿಸಿದಾಗ ಇದೇ ಗೀತೆಯನ್ನು ಹಾಡಿದರು. ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. ಒಬ್ಬ ಶ್ರೀಮಂತ ಬಿಳಿಯ ಗಾಯಕನ ಒಂಟಿತನದ ಕತೆಯಲ್ಲಿ ಒಂದು ಇಟ್ಟಿಗೆಯಾಗಿದ್ದ ಶಾಲೆ, ಕೇಪ್ ಪ್ರಾಂತದ ಮಕ್ಕಳ ಬಾಯಲ್ಲಿ ಇಡೀ ಪ್ರಭುತ್ವವೇ ಆಯಿತು. ಇದನ್ನು ತಪ್ಪು ಓದೆನ್ನಲಾಗದು. ಆದರೆ ಮೂರನೆಯ ಭಾಗದ ಆತ್ಮವಿಮರ್ಶೆಯನ್ನು ಬಿಟ್ಟು ಎರಡನೆಯದರ ಆಕ್ರೋಶವನ್ನು ಮಾತ್ರ ಉಳಿಸಿಕೊಂಡ ಓದು ಅದು. ಅದಕ್ಕೆ ಕಾರಣವೂ ಸರಳ: ಆ ಮಕ್ಕಳ ಸುತ್ತಲಿನ ಗೋಡೆಯನ್ನು ಕಟ್ಟಿದವರು ಆ ಮಕ್ಕಳಲ್ಲ. ವಾಟರ್ಸ್‌ನ ರೂಪಕದ ಮಿತಿಯನ್ನು ಯಾವ ವಿಮರ್ಶಕನಿಗಿಂತ ಮೊದಲೇ ಅವರು ತೋರಿಸಿಕೊಟ್ಟರು. 1990ರ ಜುಲೈನಲ್ಲಿ, ಬರ್ಲಿನ್ ಗೋಡೆ ಉರುಳಿದ ಮರುವರ್ಷ, ವಾಟರ್ಸ್ ಆ ಗೋಡೆ ಹಾದುಹೋಗಿದ್ದ ಪಾಟ್ಸ್‌ಡಾಮರ್ ಪ್ಲಾಟ್ಸ್‌ನಲ್ಲಿ ಇಡೀ ಕೃತಿಯನ್ನು ಪ್ರದರ್ಶಿಸಿದ. ಮುಂದಿನ ಪ್ರದರ್ಶನಗಳಲ್ಲಿ ಅವನ ಗೋಡೆ ಹೆಚ್ಚು ಹೆಚ್ಚಾಗಿ ರಾಜಕೀಯದ ಗೋಡೆಯೇ ಆಯಿತು.

ಗೋಡೆಗಳಿದ್ದ ಮೇಲೆ ಮನೆಯೂ ಇರಬೇಕು. ಈ ಗೀತೆಗಳಲ್ಲಿ 'ಹೋಮ್' ಎಂಬ ಪದ ಬರುವ ಕಡೆಗಳನ್ನು ಸಾಲಾಗಿ ನೋಡಿದರೆ ಮೇಲಿನ ಎರಡು ಪಯಣಗಳಿಗಿಂತ ಹೆಚ್ಚು ನೋವಿನ ಪಯಣ ಕಾಣುತ್ತದೆ. ವಿಮರ್ಶೆ ಇದನ್ನು ಗಮನಿಸಿದ್ದು ಕಡಿಮೆ. ಗೋಡೆಯ ಗಾತ್ರ ಅದನ್ನು ಮರೆಮಾಡಿರಬೇಕು. 'ಟೈಮ್' ಗೀತೆಯ ತುದಿಯಲ್ಲಿ ಮನೆಯೆಂದರೆ ದಣಿದು ಬಂದವನು ಮೈಕಾಯಿಸಿಕೊಳ್ಳುವ ಬೆಂಕಿ; ದೂರದಲ್ಲಿ ಗಂಟೆ ಕೇಳುತ್ತದೆ. ತಂಡದ ಎಲ್ಲ ಗೀತೆಗಳಲ್ಲಿ ನೆಮ್ಮದಿ ಇಷ್ಟು ನಿರಾಡಂಬರವಾಗಿ ಬಂದಿರುವ ಮತ್ತೊಂದು ಎಡೆಯಿಲ್ಲ. ಆರು ವರ್ಷಗಳ ನಂತರ 'ನೋಬಡಿ ಹೋಮ್' (1979) ಗೀತೆಯಲ್ಲಿ ನಾಯಕ ಹೋಟೆಲಿನ ಕೋಣೆಯೊಂದರಲ್ಲಿ ಕೂತು ತನ್ನ ಬಳಿಯಿರುವ ವಸ್ತುಗಳ ಯಾದಿ ಮಾಡುತ್ತಾನೆ. ಫೋನು ಮಾಡಿದರೆ ಎತ್ತಿಕೊಳ್ಳುವವರಿಲ್ಲ. ಇಂಗ್ಲಿಷಿನ ಈ ನುಡಿಗಟ್ಟಿಗೆ, ಒಬ್ಬನ ತಲೆಯೊಳಗೆ ಏನೂ ಇಲ್ಲ ಎಂಬ ಎರಡನೆಯ ಅರ್ಥವೂ ಉಂಟು. ಹೆಂಡತಿ ಮನೆಯಲ್ಲಿಲ್ಲ, ತಾನೂ ತನ್ನೊಳಗಿಲ್ಲ. ಮನೆಯೊಡೆಯನ ಇರವನ್ನು ಪ್ರಶ್ನಿಸುವ ಬಸವಣ್ಣನವರ ವಚನ ಕನ್ನಡದ ಓದುಗರಿಗೆ ಇಲ್ಲಿ ನೆನಪಾಗುವುದು ಸಹಜ. ಹೋಲಿಕೆಯನ್ನು ಬಹಳ ಮುಂದಕ್ಕೆ ಎಳೆಯಲಾಗದು. ವಚನದ ಪಾಳುಮನೆಗೆ ಒಡೆಯನೆಂಬವನು ಇದ್ದಾನೆ, ಅವನು ಮರಳಬಹುದು; ವಾಟರ್ಸ್‌ನ ಮನೆಗೆ ಹಾಗೆ ಮರಳಬೇಕಾದವನು 1944ರಲ್ಲೇ ಸತ್ತಿದ್ದಾನೆ.

ಅದೇ ಆಲ್ಬಂನಲ್ಲಿ ಸೈನಿಕರನ್ನು ಮನೆಗೆ ಕರೆತನ್ನಿರೆಂಬ ಸಮೂಹಘೋಷವೊಂದಿದೆ. ಬಳಿಕ, ಭ್ರಮೆಯಲ್ಲಿ ಫ್ಯಾಸಿಸ್ಟ್ ನಾಯಕನ ಸಮವಸ್ತ್ರ ತೊಟ್ಟು ಮೆರೆದವನು 'ಸ್ಟಾಪ್' ಎಂಬ ಅರ್ಧ ನಿಮಿಷದ ಗೀತೆಯಲ್ಲಿ ಆ ಸಮವಸ್ತ್ರವನ್ನು ಕಳಚಿ ಮನೆಗೆ ಹೋಗಲು ಬಯಸುತ್ತಾನೆ. ತಂದೆಯಂಥ ಸೈನಿಕರಿಗಾಗಿ ಬಳಸಿದ ಪದವನ್ನೇ ಮಗ ತನಗಾಗಿ ಬಳಸುತ್ತಿದ್ದಾನೆ. ಆದರೆ ಅವನು ತೊಟ್ಟಿರುವುದು ತಂದೆಯ ಸಮವಸ್ತ್ರವಲ್ಲ, ತಂದೆಯನ್ನು ಕೊಂದವರದು. 'ದಿ ವಾಲ್'ನ ನೈತಿಕ ಕೇಂದ್ರವಿರುವುದು ಪ್ರಸಿದ್ಧವಾದ ಶಾಲಾಗೀತೆಯಲ್ಲಲ್ಲ, ಯಾರೂ ಪ್ರತ್ಯೇಕವಾಗಿ ಕೇಳದ ಈ ಅರ್ಧ ನಿಮಿಷದಲ್ಲಿ.

'ದಿ ಫೈನಲ್ ಕಟ್' ಆಲ್ಬಂ ತಂದೆಯ ನೆನಪಿಗೆ ಅರ್ಪಿತವಾದುದು. ಫಾಕ್‌ಲೆಂಡ್ಸ್ ಯುದ್ಧದ (1982) ಬೆನ್ನಿಗೆ ಬಂದುದು. ಅದರ 'ದಿ ಫ್ಲೆಚರ್ ಮೆಮೋರಿಯಲ್ ಹೋಮ್' ಗೀತೆಯಲ್ಲಿ ಮನೆ ಆಶ್ರಮವಾಗುತ್ತದೆ, ತಂದೆಯ ಹೆಸರಿನಲ್ಲಿ ಸ್ಥಾಪಿತವಾದ ಕಾಲ್ಪನಿಕ ಆರೈಕೆಧಾಮ. ರೇಗನ್, ಥ್ಯಾಚರ್, ಬ್ರೆಜ್ನೆವ್ ಮೊದಲಾದ ಆಳುವವರೆಲ್ಲ ಗುಣವಾಗದ ರೋಗಿಗಳಾಗಿ ಅಲ್ಲಿ ಕೂಡಿದ್ದಾರೆ. 'ಹೋಮ್' ಪದದ ಎರಡು ಅರ್ಥಗಳನ್ನು ಹೀಗೆ ಕೂಡಿಸಿದ ಕಲ್ಪನೆ ಹರಿತವಾದುದೇ. ತಂದೆಯಿಲ್ಲದ ಮನೆಗೆ ತಂದೆಯ ಹೆಸರು; ಅವನನ್ನು ಯುದ್ಧಕ್ಕೆ ಕಳುಹಿಸಿದಂಥವರೇ ಅದರ ನಿವಾಸಿಗಳು. ಆದರೆ ಗೀತೆ ಮುಗಿಯುವುದು ಇವರೆಲ್ಲರಿಗೂ 'ಅಂತಿಮ ಪರಿಹಾರ'ವನ್ನು ಸೂಚಿಸುವ ಮಾತಿನಿಂದ. ಯೆಹೂದ್ಯರ ಹತ್ಯಾಕಾಂಡಕ್ಕೆ ನಾಜಿಗಳು ಇಟ್ಟ ಹೆಸರದು. ನಾಜಿ ಸೈನ್ಯದೆದುರು ಹೋರಾಡಿ ಸತ್ತವನ ಹೆಸರಿನ ಮನೆಯಲ್ಲಿ ಅದೇ ನಾಜಿಗಳ ಶಬ್ದ. ಇದನ್ನು ವ್ಯಂಗ್ಯವೆಂದು ಸಮರ್ಥಿಸುವುದುಂಟು. 'ದಿ ವಾ‌ಲ್'ನಲ್ಲಾದರೆ ಸಮವಸ್ತ್ರ ತೊಟ್ಟವನು ಅದನ್ನು ಕಳಚಬಯಸುವ ಕ್ಷಣವಿತ್ತು. ಇಲ್ಲಿ ಆ ಕ್ಷಣವಿಲ್ಲ. ತಾನೂ ನಾಯಿಯೇ ಎಂದ 1977ರ ಒಪ್ಪಿಗೆ ಇಲ್ಲಿ ಕಾಣೆಯಾಗಿದೆ. ಮರುಕಳಿಸಿದ ಪದ ಒಳಮುಖವಾಗಿ ತಿರುಗದೆ ಹೊರಗೇ ನಿಂತಾಗ ಅದು ಕೇವಲ ಆಯುಧವಾಗುತ್ತದೆ ಎಂಬುದಕ್ಕೆ ಈ ಗೀತೆಯೇ ಸಾಕ್ಷಿ. ಅದೇ ಆಲ್ಬಂನ ಎರಡು ಸೂರ್ಯರ ಗೀತೆ ಈ ದೋಷದಿಂದ ಪಾರಾಗಿದೆ.

ವಾಟರ್ಸ್ 1985ರಲ್ಲಿ ತಂಡ ತೊರೆದ ಮೇಲೂ ಹಳೆಯ ಪದಗಳು ಉಳಿದವು, ಬಹುಮಟ್ಟಿಗೆ ಪಿತ್ರಾರ್ಜಿತ ಆಸ್ತಿಯಾಗಿ. ಪತ್ರಕರ್ತೆ, ಲೇಖಕಿ ಪಾಲಿ ಸ್ಯಾಮ್ಸನ್ ಗಿಲ್ಮೋರ್‌ನೊಂದಿಗೆ ಹಲವು ಗೀತೆಗಳನ್ನು ಬರೆದ 'ದಿ ಡಿವಿಷನ್ ಬೆಲ್' (1994) ಆಲ್ಬಂ ಮಾತು ಮತ್ತು ಮೌನಗಳನ್ನು ವಸ್ತುವಾಗಿಸಿಕೊಂಡಿದೆ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಯಂತ್ರಧ್ವನಿಯೂ ಅದರಲ್ಲಿದೆ. ಗೋಡೆಗಳು ಅಲ್ಲಿಯೂ ಉರುಳುತ್ತವೆ, ಆದರೆ ಅವನ್ನು ಯಾರು ಕಟ್ಟಿದರೆಂಬ ಪ್ರಶ್ನೆ ಏಳುವುದಿಲ್ಲ. 'ಹೈ ಹೋಪ್ಸ್' ಗೀತೆಯೊಂದು ಮಾತ್ರ ಇದಕ್ಕೆ ಹೊರತು. 'ಫ್ಯಾಟ್ ಓಲ್ಡ್ ಸನ್'ನಲ್ಲಿ ಮೆಲ್ಲಗೆ ಕೇಳಿಸಿದ್ದ ಗಂಟೆ ಇಪ್ಪತ್ತನಾಲ್ಕು ವರ್ಷಗಳ ನಂತರ ಇಲ್ಲಿ ಮತ್ತೆ ಬಾರಿಸುತ್ತದೆ. ಕೇಂಬ್ರಿಡ್ಜಿನ ಬಾಲ್ಯದಿಂದ ಹೊರಟವರು ಹಿಂತಿರುಗಿ ನೋಡುವ ಗೀತೆಯಿದು. 'ಟೈಮ್' ಗೀತೆಯ ತುದಿಯ ಗಂಟೆಯೂ ಕಿವಿಯಲ್ಲಿದ್ದರೆ, ಈ ಮೂರನೆಯದು ಮನೆಗೆ ಕರೆಯುವ ಗಂಟೆಯಲ್ಲ, ಮನೆ ದೂರವಾಯಿತೆಂದು ಸಾರುವ ಗಂಟೆ ಎಂಬುದು ಹೊಳೆಯುತ್ತದೆ. ಅದರ ಕಡೆಯ ಪದಗಳಿಂದಲೇ ತಂಡದ ಕೊನೆಯ ಸ್ಟುಡಿಯೋ ಆಲ್ಬಂ 'ದಿ ಎಂಡ್‌ಲೆಸ್ ರಿವರ್' (2014) ಹೆಸರು ಪಡೆಯಿತು. ಅದರಲ್ಲಿ ಮಾತು ಅತ್ಯಲ್ಪ.

ಬ್ಯಾರೆಟ್ 2006ರಲ್ಲಿ, ರಿಚರ್ಡ್ ರೈಟ್ 2008ರಲ್ಲಿ ತೀರಿಕೊಂಡರು. 2023ರ ಅಕ್ಟೋಬರ್‌ನಲ್ಲಿ, ಎಂಬತ್ತು ತುಂಬಿದ ಮರುತಿಂಗಳು, ವಾಟರ್ಸ್ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಂ ಅನ್ನು ತಾನೊಬ್ಬನೇ ಮತ್ತೆ ಧ್ವನಿಮುದ್ರಿಸಿ ಹೊರತಂದ. ಗಿಲ್ಮೋರ್‌ನ ಗಿಟಾರು ಮೊಳಗುತ್ತಿದ್ದ ಎಡೆಗಳಲ್ಲಿ ಈಗ ಮುದುಕನೊಬ್ಬನ ತಗ್ಗಿದ ದನಿಯ ಮಾತು. ಮಾತು ಹೆಚ್ಚಾಯಿತೆಂಬ ದೂರು ಅನ್ಯಾಯದ್ದೇನಲ್ಲ. ಆದರೆ 'ಟೈಮ್' ಗೀತೆಯ ಸೂರ್ಯ ಮಾತ್ರ ಇಲ್ಲಿ ಒಂದಕ್ಷರ ಬದಲಾಗದೆಯೇ ಬದಲಾಗಿದೆ. ಮೂವತ್ತಾಗದವನು ಊಹಿಸಿ ಬರೆದದ್ದನ್ನು ಎಂಬತ್ತರವನು ವರದಿಯಂತೆ ಹೇಳುತ್ತಾನೆ. ಈ ಹೊಸ ಧ್ವನಿಮುದ್ರಣ ತೆರೆದುಕೊಳ್ಳುವುದು ಹಳೆಯ ಆಲ್ಬಂನಲ್ಲಿಲ್ಲದ ಮಾತುಗಳಿಂದ. ಅವು 1972ರ 'ಫ್ರೀ ಫೋರ್' ಎಂಬ, ಹೆಚ್ಚು ಜನ ನೆನಪಿಡದ ಗೀತೆಯವು. ಮುದಿತನದ ನೆನಪುಗಳಿಂದ ತೊಡಗುವ ಆ ಗೀತೆಯಲ್ಲೇ ವಾಟರ್ಸ್ ತನ್ನ ತಂದೆಯ ಸಾವನ್ನು ತನ್ನದಾಗಿಯೇ ಮೊದಲ ಬಾರಿಗೆ ಪ್ರಸ್ತಾಪಿಸಿದ್ದ.